ರೊನಾಲ್ಡೊ ಬರಲಿಲ್ಲ ಸರಿ, ಗೋವಾಕ್ಕೆ ಒಂದು ಪಾಯಿಂಟೂ ಯಾಕೆ ಬರ್ತಿಲ್ಲ?

ಗೋವಾವೇಸ್_ಗೋಲಿ
ಬಲಿಪಾಡ್ಯಮಿ ದಿನ ಮನೆಯಲ್ಲಿ ಬೈಸಿಕೊಂಡು ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂಗೆ ಹೋಗಿ ಬಂದೆವು. ರೊನಾಲ್ಡೊನ ಸೌದಿ ಕ್ಲಬ್ ಅಲ್ ನಸ್ರ್ 2, ಎಫ್‌ಸಿ ಗೋವಾ 1. ನಿನ್ನೆ ರಾತ್ರಿಯಿಂದ ಇಲ್ಲಿ ಎಲ್ಲರದೂ ಒಂದೇ ಗೋಳು: ರೊನಾಲ್ಡೊ ಬರಲಿಲ್ಲ, ದುಡ್ಡು ದಂಡ. ಅದನ್ನು ಬೇರೆ ಕಡೆ ಅತ್ತುಕೊಳ್ಳಿ, ಇಲ್ಲಿ ಗ್ರೂಪ್ ಬಗ್ಗೆ ಮಾತಾಡೋಣ.

2025ರ ಆಗಸ್ಟ್ 15ಕ್ಕೆ ಏಷ್ಯಾದ ಕ್ಲಬ್ ಟೂರ್ನಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಗ್ರೂಪ್ ಡ್ರಾ ಆಗಿ ಗೋವಾ, ನಸ್ರ್ ಒಂದೇ ಗ್ರೂಪ್‌ಗೆ ಬಿದ್ದವಲ್ಲ, ಆವತ್ತು ಬೆಳಗಾವಿಯ ಟಿಳಕವಾಡಿಯಿಂದ ಕ್ಯಾಂಪ್‌ವರೆಗೆ ಎಲ್ಲರ ಸ್ಟೇಟಸ್‌ನಲ್ಲೂ ನಸ್ರ್‌ನ ಹಳದಿ ಜೆರ್ಸಿ. ಇರಾಕಿನ ಅಲ್ ಜವ್ರಾ ಹೇಗಿದೆ, ತಜಿಕಿಸ್ತಾನದ ಇಸ್ತಿಕ್ಲೋಲ್ ಹೇಗಿದೆ ಅಂತ ಒಬ್ಬನೂ ಕೇಳಲಿಲ್ಲ. ಕೊನೆಗೆ ಪೆಟ್ಟು ಬಿದ್ದದ್ದು ಎಲ್ಲಿ? ಸೆಪ್ಟೆಂಬರ್ 17ಕ್ಕೆ ಮನೆಯಂಗಳದಲ್ಲೇ ಜವ್ರಾ ಎದುರು 0-2. ಅಕ್ಟೋಬರ್ 1ಕ್ಕೆ ತಜಿಕಿಸ್ತಾನದಲ್ಲಿ ಇಸ್ತಿಕ್ಲೋಲ್ ಎದುರು 0-2. ನಿಜಕ್ಕೂ ಅಂಕ ಸಿಗಬಹುದಾಗಿದ್ದ ಪಂದ್ಯಗಳು ಅವೆರಡೇ. ಅವನ್ನು ಬಿಟ್ಟುಕೊಟ್ಟು ನಸ್ರ್ ಎದುರು 1-2 ಅಂತರದಲ್ಲಿ ಸೋತು "ಭಲೇ ಆಡಿದೆವು" ಅಂತ ಬೆನ್ನು ತಟ್ಟಿಕೊಳ್ಳುತ್ತಿದ್ದೇವೆ.

ನಿನ್ನೆಯ ಪಂದ್ಯದ್ದು ಒಂದು ಹೇಳಿಬಿಡ್ತೇನೆ. 10ನೇ ನಿಮಿಷಕ್ಕೆ ನಸ್ರ್‌ನ ಆಂಜೆಲೊ ಗೋಲ್, 27ಕ್ಕೆ ಕಮಾರಾ. ಇನ್ನು ಐದಾರು ತಿನ್ನೋದು ಗ್ಯಾರಂಟಿ ಅಂದುಕೊಂಡು ನಮ್ಮ ಹುಡುಗನೊಬ್ಬ ವಡಾಪಾವ್ ತರಲು ಎದ್ದ. 41ಕ್ಕೆ ಗೋವಾದ ಬ್ರೈಸನ್ ಫರ್ನಾಂಡಿಸ್ ಗೋಲ್. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಕೂತಿದ್ದ, ಮೈಮೇಲೆ ನಸ್ರ್ ಜೆರ್ಸಿ, ಬೆನ್ನಲ್ಲಿ 7, ಕೆನ್ನೆಗೆ ಹಳದಿ ನೀಲಿ ಬಣ್ಣ ಬೇರೆ. ಆ ಗೋಲಿಗೆ ಎಲ್ಲರಿಗಿಂತ ಮೊದಲು ಕುರ್ಚಿ ಮೇಲೆ ಹತ್ತಿ ಕೂಗಿದ್ದು ಅವನೇ. ಅಲ್ಲಿಂದ ಕೊನೆ ಸೀಟಿಯವರೆಗೆ ನಮ್ಮ ಕಡೆ ಯಾರೂ ಸರಿಯಾಗಿ ಕೂರಲಿಲ್ಲ. ವಡಾಪಾವ್‌ಗೆ ಹೋದವನು ಗೋಲನ್ನು ಮೊಬೈಲ್‌ನಲ್ಲಿ ನೋಡಿದ.

ಈಗ ಮೂರು ಪಂದ್ಯ, 0 ಅಂಕ. ಗೋವಾ ಆ ಮಟ್ಟದ ತಂಡವೇ ಅಲ್ವಾ, ಅಥವಾ ಬೇರೆ ಏನಾದರೂ ಕಾರಣ ಇದೆಯಾ? ಹೇಳಿ.

ಚನ್ನಮ್ಮಸರ್ಕಲ್_7
ಮಟ್ಟ ಇಲ್ಲ. ಇಷ್ಟೇ ಉತ್ತರ. ಮೂರು ಸೋಲು, ಕೊಟ್ಟದ್ದು 6 ಗೋಲ್, ಹೊಡೆದದ್ದು 1.

ಖಾನಾಪುರ_ಎಕ್ಸ್‌ಪ್ರೆಸ್
ಲೇ ಗೋಲಿ, ನೀನು ಸುಮ್ನೆ ಹೇಳ್ತೀಯ, ದುಡ್ಡು ನಮ್ಮದು ಹೋಯ್ತು. ನಾನು ಒಬ್ಬನ ಹತ್ತಿರ ಡಬಲ್ ರೇಟ್ ಕೊಟ್ಟು ಟಿಕೆಟ್ ತಗೊಂಡೆ. ರೊನಾಲ್ಡೊ ವಿಮಾನ ಹತ್ತಿಲ್ಲ ಅಂತ ಸುದ್ದಿ ಬಂದ ಮೇಲೆ ಅದೇ ಮನುಷ್ಯ ಫೋನ್ ಎತ್ತಲಿಲ್ಲ. ಅನಮೋಡ ಘಾಟ್‌ನಲ್ಲಿ ಬೈಕ್ ಮೇಲೆ ಸೊಂಟ ಮುರಿದುಕೊಂಡದ್ದು ಬೇರೆ. ಅವನು ಬರಲ್ಲ ಅಂತ ಮೊದಲೇ ಹೇಳಬಾರದಿತ್ತಾ?

ಗೋವಾವೇಸ್_ಗೋಲಿ
ಈ ಟೂರ್ನಿಯ ಮೊದಲ ಎರಡು ಪಂದ್ಯವನ್ನೂ ಅವನು ಆಡಿರಲಿಲ್ಲ ಮಾರಾಯ. ಸ್ವಂತ ಊರಿನಲ್ಲೇ ಆಡದವನು ಮಡಗಾಂವ್‌ಗೆ ಬರ್ತಾನಾ? ಬ್ಲ್ಯಾಕ್‌ನಲ್ಲಿ ಕೊಳ್ಳೋ ಮುಂಚೆ ಇಲ್ಲಿ ಒಂದು ಮಾತು ಕೇಳಿದ್ದರೆ ಎಲ್ಲರೂ ಬೇಡ ಅಂತಿದ್ದರು.

ಬಾಗಲಕೋಟಿ_ಬ್ಯಾಕ್
ನಮಸ್ಕಾರ ರೀ, ನಾನು ಹೊಸಬ. ಇಲ್ಲಿ ಬಾಗಲಕೋಟೆಯಲ್ಲಿ ಎಲ್ಲರಿಗೂ ಕ್ರಿಕೆಟ್ ಹುಚ್ಚು, ಫುಟ್‌ಬಾಲ್ ಬಗ್ಗೆ ಕೇಳಲು ಜನ ಸಿಗಲ್ಲ. ದಡ್ಡ ಪ್ರಶ್ನೆ ಅನ್ನಬೇಡಿ. ಈ ಗ್ರೂಪ್ ಲೆಕ್ಕ ಹೇಗೆ? 0 ಅಂಕ ಇದ್ದರೂ ಮುಂದೆ ಹೋಗೋ ದಾರಿ ಇದೆಯಾ? ಮತ್ತೆ ನಸ್ರ್‌ನಂಥ ತಂಡ ಎರಡನೇ ದರ್ಜೆ ಟೂರ್ನಿಯಲ್ಲಿ ಏನು ಮಾಡ್ತಿದೆ?

ಕ್ಯಾಂಪ್_ಕಾಕಾ
ತಮ್ಮಾ, ಒಳ್ಳೆ ಪ್ರಶ್ನೆ. ಕೂತು ಹೇಳ್ತೇನೆ, ಉದ್ದ ಆದರೆ ಬೇಜಾರಾಗಬೇಡ.

2024ರಿಂದ ಏಷ್ಯಾದಲ್ಲಿ ಕ್ಲಬ್‌ಗಳಿಗೆ ಮೂರು ಮೆಟ್ಟಿಲು. ಮೇಲೆ ಎಲೀಟ್, ನಡುವೆ ಈ ಟೂ, ಕೆಳಗೆ ಚಾಲೆಂಜ್ ಲೀಗ್. ಎಲೀಟ್‌ನಲ್ಲಿ ಈಗ ನಾವು ಹಿಂದಿನಿಂದ ನೋಡಿದಂಥ ಗ್ರೂಪ್ ಇಲ್ಲ. ಈ ಸಲ ಪಶ್ಚಿಮಕ್ಕೆ 12, ಪೂರ್ವಕ್ಕೆ 12 ತಂಡ, ಪ್ರತಿ ತಂಡಕ್ಕೆ 8 ಬೇರೆ ಬೇರೆ ಎದುರಾಳಿ, ಒಂದೊಂದು ಕಡೆಗೆ ಒಂದೇ ಪಟ್ಟಿ. ಟೂನಲ್ಲಿ ಮಾತ್ರ ಹಳೇ ಪದ್ಧತಿ ಉಳಿದಿದೆ. 32 ತಂಡ, 8 ಗ್ರೂಪ್, ಗ್ರೂಪ್‌ಗೆ ನಾಲ್ಕು. ಒಬ್ಬೊಬ್ಬರ ಜೊತೆ ಎರಡು ಸಲ, ಒಮ್ಮೆ ಮನೆಯಲ್ಲಿ, ಒಮ್ಮೆ ಅವರ ಊರಲ್ಲಿ. ಮೊದಲ ಇಬ್ಬರು 16ರ ಸುತ್ತಿಗೆ. ನನಗೆ ಈ ಹಳೇ ಪದ್ಧತಿಯೇ ಇಷ್ಟ. ಮೊದಲ ಸಲ ಹೊಡೆತ ತಿಂದವನಿಗೆ ಲೆಕ್ಕ ಚುಕ್ತಾ ಮಾಡಲು ಇನ್ನೊಂದು ಅವಕಾಶ ಇರುತ್ತೆ.

ನಸ್ರ್ ಇಲ್ಲಿರೋದು ಹೋದ ಸಲ ಸೌದಿ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಿದ್ದದ್ದಕ್ಕೆ. ದುಡ್ಡು ಎಲೀಟ್‌ದು, ಜಾಗ ಮಾತ್ರ ಟೂನಲ್ಲಿ.

ದಾರಿ ಇದೆಯಾ ಅಂದರೆ, ಕಾಗದದ ಮೇಲೆ ಇದೆ. ಉಳಿದದ್ದು ಮೂರು: ನವೆಂಬರ್ 5ಕ್ಕೆ ರಿಯಾದ್‌ನಲ್ಲಿ ನಸ್ರ್, ಆಮೇಲೆ ಜವ್ರಾ ಊರಲ್ಲಿ ಜವ್ರಾ, ಡಿಸೆಂಬರ್‌ನಲ್ಲಿ ಫತೋರ್ಡಾದಲ್ಲಿ ಇಸ್ತಿಕ್ಲೋಲ್. ಇಬ್ಬರ ಅಂಕ ಸಮ ಆದರೆ ಎಎಫ್‌ಸಿ ಮೊದಲು ನೋಡೋದು ಅವರಿಬ್ಬರ ನಡುವಿನ ಪಂದ್ಯ, ಒಟ್ಟು ಗೋಲ್ ಅಂತರ ಆಮೇಲೆ. ಅಂದರೆ ಡಿಸೆಂಬರ್‌ನಲ್ಲಿ ಇಸ್ತಿಕ್ಲೋಲ್ ಮೇಲೆ ಸುಮ್ನೆ ಗೆದ್ದರೆ ಸಾಲದು, ಮೂರು ಗೋಲ್ ಅಂತರ ಬೇಕು. 2-0 ಆದರೆ ಅಲ್ಲಿಗಲ್ಲಿಗೆ ಸಮ, ಆಗ ಒಟ್ಟು ಲೆಕ್ಕ ತೆಗೀತಾರೆ, ಅಲ್ಲಿ ನಾವು ಈಗಲೇ ಮೈನಸ್ 5. ತಜಿಕಿಸ್ತಾನದಲ್ಲಿ ತಿಂದ ಆ ಎರಡನೇ ಗೋಲ್ ಆವತ್ತು ಯಾರಿಗೂ ದೊಡ್ಡದು ಅನಿಸಿರಲಿಲ್ಲ.

ಬಾಗಲಕೋಟಿ_ಬ್ಯಾಕ್
ಈಗ ತಲೆಗೆ ಹೋಯ್ತು ಕಾಕಾ. ಯಾವ ಚಾನೆಲ್‌ನವರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಚನ್ನಮ್ಮಸರ್ಕಲ್_7
ಕಾಕಾ, ಲೆಕ್ಕ ಎಲ್ಲ ಸರಿ. ಆದರೆ ಮೂರು ಗೋಲ್ ಅಂತರದಲ್ಲಿ ಗೆಲ್ಲೋ ತಂಡ ಆಗಿದ್ದರೆ ಈ ಲೆಕ್ಕವೇ ಬೇಕಿರಲಿಲ್ಲ. ಪ್ರತಿ ಸಲ ನಮ್ಮದು ಇದೇ ಕಥೆ. 2021ರಲ್ಲೂ ಇದೇ ಗೋವಾ, ಇದೇ ಫತೋರ್ಡಾ, ಏನಾಯ್ತು?

ಗೋವಾವೇಸ್_ಗೋಲಿ
2021 ಎತ್ತಿದ್ದು ಒಳ್ಳೆಯದಾಯ್ತು. ಅದು ನಿನ್ನ ವಾದಕ್ಕೆ ಉಲ್ಟಾ ಹೊಡೆಯುತ್ತೆ ನೋಡು.

ಆಗ ಟೂ ಗೀ ಇರಲಿಲ್ಲ, ಅದೇ ಏಷ್ಯಾದ ದೊಡ್ಡ ಚಾಂಪಿಯನ್ಸ್ ಲೀಗ್. ಅದರ ಗ್ರೂಪ್ ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಗೋವಾ. ಎದುರಿಗೆ ಹಿಂದಿನ ವರ್ಷದ ರನ್ನರ್‌ಅಪ್ ಇರಾನಿನ ಪರ್ಸೆಪೊಲಿಸ್, ಯುಎಇಯ ಅಲ್ ವಹ್ದಾ, ಕತಾರಿನ ಅಲ್ ರಯ್ಯಾನ್. ರಯ್ಯಾನ್ ಕೋಚ್ ಯಾರು ಗೊತ್ತಾ? 1998ರ ವಿಶ್ವಕಪ್ ಗೆದ್ದ ಫ್ರಾನ್ಸ್‌ನ ಲೊರಾಂ ಬ್ಲಾಂ. ಮೊದಲ ಪಂದ್ಯ ರಯ್ಯಾನ್ ಜೊತೆ 0-0, ಎರಡನೇದು ವಹ್ದಾ ಜೊತೆ 0-0. ಮೂರನೇದರಲ್ಲಿ ಪರ್ಸೆಪೊಲಿಸ್ ಎದುರು ಎಡು ಬೇಡಿಯಾ ಹೆಡ್ಡರ್, ಗೋವಾ 1-0 ಮುಂದೆ! ಕೊನೆಗೆ 1-2 ಸೋಲು. ಆಮೇಲೆ 0-4, 1-1, 0-2. ಒಟ್ಟು 3 ಅಂಕ, ಮೂರನೇ ಸ್ಥಾನ, ಬ್ಲಾಂ ಅವರ ರಯ್ಯಾನ್ ನಮ್ಮ ಕೆಳಗೆ. ಗೋಲ್‌ನಲ್ಲಿ ಧೀರಜ್ ಸಿಂಗ್ ಹೇಗೆ ನಿಂತಿದ್ದ ಅಂತ ನೋಡಿದವರಿಗೆ ಗೊತ್ತು.

ಮೇಲಿನ ದರ್ಜೆಯಲ್ಲಿ 3 ಅಂಕ, ನಾಲ್ಕು ವರ್ಷ ಬಿಟ್ಟು ಕೆಳಗಿನ ದರ್ಜೆಯಲ್ಲಿ ಅರ್ಧ ದಾರಿಗೆ 0. ಮಟ್ಟವೇ ಇಲ್ಲ ಅನ್ನೋದಾದರೆ ಆಗ ಎಲ್ಲಿಂದ ಬಂತು?

ಚನ್ನಮ್ಮಸರ್ಕಲ್_7
ಆಗ ಆರೂ ಪಂದ್ಯ ಗೋವಾದಲ್ಲೇ ನಡೆದದ್ದು ಯಾಕೆ ಹೇಳಲ್ಲ? ಕೋವಿಡ್ ಅಂತ ಎಲ್ಲ ತಂಡಗಳನ್ನೂ ಒಂದೇ ಕಡೆ ತಂದು ಹಾಕಿದ್ದರು. ಏಪ್ರಿಲ್ ಬಿಸಿಲು, ಬೆವರು, ನಮ್ಮವರಿಗೆ ಅಭ್ಯಾಸ, ಅರಬ್ಬರಿಗೂ ಕಷ್ಟ. ಪ್ರಯಾಣ ಇಲ್ಲ.

ಗೋವಾವೇಸ್_ಗೋಲಿ
ಅದು ಒಪ್ಪುವ ಮಾತು. ಆದರೆ ಜನರೂ ಇರಲಿಲ್ಲ. ಖಾಲಿ ಸ್ಟ್ಯಾಂಡ್ ಎದುರು ಆಡಿದ್ದು. ನಾವು ಬೆಳಗಾವಿಯಲ್ಲಿ ಕೂತು ಟಿವಿ ನೋಡಿದೆವು, ಗಡಿ ದಾಟೋ ಹಾಗೂ ಇರಲಿಲ್ಲ.

ವಡಗಾವಿ_ಅಕ್ಕ
ಇಬ್ಬರೂ ಮುಖ್ಯ ಕಾರಣ ಬಿಟ್ಟು ಸುತ್ತಾಡ್ತಿದ್ದೀರಿ.

2021ರ ಏಪ್ರಿಲ್‌ನಲ್ಲಿ ಗೋವಾ ಬಂದದ್ದು ಪೂರ್ತಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ ಆಡಿ ಮುಗಿಸಿ. ಕಾಲಿಗೆ ಮ್ಯಾಚ್ ಇತ್ತು. ಈ ಸಲ? ಜುಲೈನಲ್ಲೇ ಐಎಸ್‌ಎಲ್ ಸದ್ಯಕ್ಕೆ ಇಲ್ಲ ಅಂದುಬಿಟ್ಟರು. ಫೆಡರೇಷನ್‌ಗೂ ಲೀಗ್ ನಡೆಸೋ ಕಂಪನಿಗೂ 2010ರಲ್ಲಿ ಆದ 15 ವರ್ಷದ ಒಪ್ಪಂದ ಈ ಡಿಸೆಂಬರ್‌ಗೆ ಮುಗಿಯುತ್ತೆ, ಮುಂದೆ ಏನು ಅಂತ ಯಾರಿಗೂ ಗೊತ್ತಿಲ್ಲ, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ಇವತ್ತು 2025ರ ಅಕ್ಟೋಬರ್ 23. ಲೀಗ್‌ನ ಒಂದು ಪಂದ್ಯವೂ ಆಗಿಲ್ಲ. ಸೂಪರ್ ಕಪ್ ಶುರುವಾಗೋದು ಈ ಶನಿವಾರ.

ಹೀಗಿರುವಾಗ ಗೋವಾ ಆಗಸ್ಟ್ 13ಕ್ಕೆ ಒಮಾನಿನ ಅಲ್ ಸೀಬ್ ಮೇಲೆ 2-1 ಗೆದ್ದು ಗ್ರೂಪ್‌ಗೆ ಬಂತು. ನನಗೆ ಅದೇ ದೊಡ್ಡ ವಿಷಯ. ಅಲ್ಲಿಂದ ಸೆಪ್ಟೆಂಬರ್ 17ಕ್ಕೆ ಜವ್ರಾ. ನಡುವೆ ಲೀಗ್ ಇಲ್ಲ, ಬರೀ ಪ್ರಾಕ್ಟೀಸ್.

ನಾನು ಶಾಲೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸ್ತೇನೆ. ಪರೀಕ್ಷೆ ಅಂತ ಒಂದು ತಿಂಗಳು ಮ್ಯಾಚ್ ನಿಂತರೆ ಏನಾಗುತ್ತೆ ಹೇಳ್ತೇನೆ ಕೇಳಿ. ಓಡೋದು ಓಡ್ತಾರೆ, ದಮ್ ಇರುತ್ತೆ. ಹೋಗೋದು ಟೈಮಿಂಗ್. ಎದುರಾಳಿ ಬಾಲ್ ತಗೊಂಡು ತಿರುಗೋ ಮುಂಚೆ ಹೋಗಿ ಮುಟ್ಟಬೇಕಾದವಳು ಅರ್ಧ ಹೆಜ್ಜೆ ತಡ ಮಾಡ್ತಾಳೆ. ಆ ಅರ್ಧ ಹೆಜ್ಜೆ ನೋಡಿ ಹಿಂದಿನ ಇಬ್ಬರು ಇನ್ನೊಂದು ಹೆಜ್ಜೆ ಹಿಂದೆ ಸರೀತಾರೆ. ನಡುವೆ ಜಾಗ ಬಿಟ್ಟುಹೋಗುತ್ತೆ. ಪ್ರಾಕ್ಟೀಸ್‌ನಲ್ಲಿ ಇದು ಕಾಣಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ತಡ. ಮ್ಯಾಚ್ ಆಡಿ ಆಡಿಯೇ ಅದು ವಾಪಸ್ ಬರೋದು. ಗೋವಾದ ಮನೋಲೋ ಮಾರ್ಕೆಸ್ ಎಷ್ಟೇ ಒಳ್ಳೆ ಕೋಚ್ ಆಗಲಿ, ಇದನ್ನು ಬೋರ್ಡ್ ಮೇಲೆ ಬರೆದು ತರಿಸೋಕಾಗಲ್ಲ.

ಮೊದಲ ಅರ್ಧ ಗಂಟೆಯಲ್ಲೇ ನಸ್ರ್ ಎರಡು ಹೊಡೆದದ್ದು, ಆಮೇಲೆ ಗೋವಾ ಗಟ್ಟಿಯಾಗಿ ನಿಂತದ್ದು ನನಗೆ ಆಶ್ಚರ್ಯ ತರಲಿಲ್ಲ.

ಖಾನಾಪುರ_ಎಕ್ಸ್‌ಪ್ರೆಸ್
ಅಕ್ಕಾ, ಇದನ್ನು ಟಿವಿಯಲ್ಲಿ ಕೂತವರು ಹೇಳಬೇಕಿತ್ತು. ಅವರು ಇಡೀ ರಾತ್ರಿ "ಸಿಆರ್‌ಸೆವೆನ್ ಯಾಕೆ ಬರಲಿಲ್ಲ" ಅದೇ ಅದೇ.

ಗೋವಾವೇಸ್_ಗೋಲಿ
ನೀನೂ ಅದನ್ನೇ ಕೇಳ್ತಿದ್ದೆಯಲ್ಲೋ, ಒಂದು ತಾಸು ಹಿಂದೆ.

ಚನ್ನಮ್ಮಸರ್ಕಲ್_7
ಅಕ್ಕಾ, ಮ್ಯಾಚ್ ಪ್ರಾಕ್ಟೀಸ್ ಕಾರಣ ಅಂತ ಒಪ್ಪಿದರೂ ನಸ್ರ್ ಬಜೆಟ್ ಎದುರು ಏನು ಮಾಡ್ತೀರಿ? ಜೊವಾವ್ ಫೆಲಿಕ್ಸ್, ಮಾನೆ, ಕೋಮನ್. ಈ ಟೂರ್ನಿಯಲ್ಲಿ ವಿದೇಶಿಯರಿಗೆ ಮಿತಿ ಇಲ್ಲ. ಅವರು ಎಷ್ಟು ಬೇಕಾದರೂ ಇಳಿಸ್ತಾರೆ. ನಮ್ಮ ಲೀಗ್‌ನಲ್ಲಿ ಆರು ಜನರನ್ನು ತಂಡಕ್ಕೆ ತಗೊಂಡು ನಾಲ್ವರನ್ನು ಮೈದಾನಕ್ಕೆ ಬಿಡೋದು ರೂಢಿ. ಇದು ಸಮಾನ ಗ್ರೂಪ್ ಅಂತ ಹೇಗೆ ಹೇಳ್ತೀರಿ?

ವಡಗಾವಿ_ಅಕ್ಕ
ನಸ್ರ್ ಬಿಟ್ಟುಬಿಡಿ. ಈ ಗ್ರೂಪ್‌ನಲ್ಲಿ ನಸ್ರ್ ಮೊದಲು ಅಂತ ಡ್ರಾ ದಿನವೇ ಗೊತ್ತಿತ್ತು. ಉಳಿದದ್ದು ಎರಡನೇ ಜಾಗ. ಅದಕ್ಕೆ ಪೈಪೋಟಿ ಇಸ್ತಿಕ್ಲೋಲ್ ಜೊತೆ, ಜವ್ರಾ ಜೊತೆ. ಅವರೇನು ಫೆಲಿಕ್ಸ್‌ನನ್ನು ಕೊಂಡುಕೊಂಡವರಲ್ಲ. ಅವರ ದೇಶದಲ್ಲಿ ಲೀಗ್ ನಡೀತಿದೆ, ಅಷ್ಟೇ ವ್ಯತ್ಯಾಸ.

ಕ್ಯಾಂಪ್_ಕಾಕಾ
ಅಕ್ಕ ಹೇಳಿದ್ದಕ್ಕೆ ಒಂದು ಹಳೇ ಉದಾಹರಣೆ ಸೇರಿಸ್ತೇನೆ. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ.

2016ರ ಎಎಫ್‌ಸಿ ಕಪ್. ನಮ್ಮ ಬೆಂಗಳೂರು ಎಫ್‌ಸಿ ಗ್ರೂಪ್‌ನಲ್ಲಿ ಮಲೇಷ್ಯಾದ ಜೊಹೋರ್ ಇತ್ತು, ಹಿಂದಿನ ವರ್ಷದ ಚಾಂಪಿಯನ್. ಗ್ರೂಪ್‌ನಲ್ಲಿ ಆ ಜೊಹೋರ್ ಎದುರು ಬಿಎಫ್‌ಸಿ ಎರಡೂ ಪಂದ್ಯ ಸೋತಿತ್ತು. ಆಗಲೂ ಇದೇ ಮಾತು: ಮಟ್ಟ ಇಲ್ಲ, ದುಡ್ಡಿಲ್ಲ, ಅವರೆಲ್ಲಿ ನಾವೆಲ್ಲಿ. ಆದರೆ ಉಳಿದ ಇಬ್ಬರ ಮೇಲೆ ಅಂಕ ಮಾಡಿಕೊಂಡು ಎರಡನೇ ಸ್ಥಾನದಲ್ಲಿ ಮೇಲೆ ಬಂತು. ನಡುವೆ ಕೋಚ್ ಬದಲಾದರು, ವೆಸ್ಟ್‌ವುಡ್ ಹೋಗಿ ರೋಕಾ ಬಂದರು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಜೊಹೋರ್. ಅಲ್ಲಿ 1-1. ಕಂಠೀರವದಲ್ಲಿ ಅಕ್ಟೋಬರ್ 19ಕ್ಕೆ 3-1, ಛೆಟ್ರಿ ಎರಡು, ಹುವಾನನ್ ಒಂದು. ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 0-1 ಸೋತಿತು, ಅದು ಬೇರೆ ಮಾತು.

ಗ್ರೂಪ್‌ನಲ್ಲಿ ಬಲಿಷ್ಠನ ಕೈಯಲ್ಲಿ ಸೋತರೆ ಪರವಾಗಿಲ್ಲ. ನಮ್ಮ ಸರಿಸಮದವರ ಮೇಲೆ ಗೆಲ್ಲಬೇಕು. ಈ ಸಲ ತಪ್ಪಿದ್ದು ಅಲ್ಲೇ.

ಚನ್ನಮ್ಮಸರ್ಕಲ್_7
2016ರದ್ದು ಎರಡನೇ ದರ್ಜೆ ಟೂರ್ನಿ, ಆಗ ಸೌದಿ ಕ್ಲಬ್‌ಗಳು ಅದರಲ್ಲಿ ಇರಲೇ ಇಲ್ಲ. ಹೋಲಿಕೆ ಪೂರ್ತಿ ಕೂಡಲ್ಲ ಕಾಕಾ. ಆದರೆ ಜವ್ರಾ ಪಂದ್ಯ ಮನೆಯಲ್ಲಿ ಬಿಟ್ಟುಕೊಟ್ಟದ್ದೇ ಮುಳುವಾಯ್ತು ಅನ್ನೋದಕ್ಕೆ ನನ್ನ ತಕರಾರಿಲ್ಲ.

ಬಾಗಲಕೋಟಿ_ಬ್ಯಾಕ್
ಮತ್ತೆ ಮೋಹನ್ ಬಾಗನ್ ಕಥೆ ಏನು? ಅವರೂ ಇದೇ ಟೂರ್ನಿಯಲ್ಲಿ ಇದ್ದರು ಅಂತ ಓದಿದ್ದೆ, ಈಗ ಪಟ್ಟಿಯಲ್ಲಿ ಹೆಸರೇ ಇಲ್ಲ.

ಖಾನಾಪುರ_ಎಕ್ಸ್‌ಪ್ರೆಸ್
ಅದನ್ನು ಕೇಳಬೇಡ, ಬಿಪಿ ಏರುತ್ತೆ.

ಗೋವಾವೇಸ್_ಗೋಲಿ
ಅವರು ಐಎಸ್‌ಎಲ್ ಶೀಲ್ಡ್ (ಲೀಗ್ ಹಂತದ ಮೊದಲ ಸ್ಥಾನ) ಗೆದ್ದದ್ದಕ್ಕೆ ನೇರವಾಗಿ ಗ್ರೂಪ್‌ಗೆ ಹೋದರು. ಗೋವಾ ಸೂಪರ್ ಕಪ್ ಗೆದ್ದದ್ದಕ್ಕೆ ಅರ್ಹತಾ ಪಂದ್ಯ ಆಡಿ ಬರಬೇಕಾಯ್ತು. ಬಾಗನ್ ಮೊದಲ ಪಂದ್ಯದಲ್ಲಿ ಕೋಲ್ಕತಾದಲ್ಲೇ ತುರ್ಕಮೆನಿಸ್ತಾನದ ಅಹಾಲ್ ಎದುರು 0-1 ಸೋತಿತು. ಎರಡನೇ ಪಂದ್ಯ ಇರಾನಿನಲ್ಲಿ, ಸೆಪಹಾನ್ ಜೊತೆ. ಸುರಕ್ಷತೆ ಕಾರಣ ಕೊಟ್ಟು ಹೋಗಲೇ ಇಲ್ಲ. ಎಎಫ್‌ಸಿ ಅವರು ಹಿಂದೆ ಸರಿದರು ಅಂತ ಘೋಷಿಸಿ ಆಡಿದ್ದ ಅಹಾಲ್ ಪಂದ್ಯವನ್ನೂ ಲೆಕ್ಕದಿಂದ ಅಳಿಸಿತು. ಗ್ರೂಪ್‌ನಲ್ಲಿ ಈಗ ಮೂರೇ ತಂಡ. ಹೋದ ವರ್ಷವೂ ಇರಾನಿನ ತಬ್ರೀಜ್‌ಗೆ ಹೋಗಲು ಒಲ್ಲೆ ಅಂದು ಹೀಗೇ ಹೊರಬಿದ್ದಿದ್ದರು.

ಆಟಗಾರರಿಗೆ ಭಯ ಇದ್ದರೆ ಒತ್ತಾಯ ಮಾಡಬೇಕು ಅಂತ ನಾನು ಹೇಳಲ್ಲ. ಆದರೆ ಟೂರ್ನಿಯ ಪಶ್ಚಿಮ ವಲಯಕ್ಕೆ ಹೆಸರು ಕೊಡುವಾಗ ಇರಾನಿನ ತಂಡ ಸಿಗಬಹುದು ಅಂತ ಗೊತ್ತಿರಲ್ವಾ? ಸತತ ಎರಡು ವರ್ಷ ಅದೇ ಆದರೆ ಆ ಜಾಗ ಬೇರೆಯವರಿಗೆ ಕೊಡಬಹುದಿತ್ತು.

ಚನ್ನಮ್ಮಸರ್ಕಲ್_7
ಇದರಲ್ಲಿ ಮಾತ್ರ ನಾವಿಬ್ಬರೂ ಒಂದೇ ಕಡೆ. ಆಡಿ 0 ಅಂಕ ತಗೊಂಡ ಗೋವಾ ಎಷ್ಟೋ ಮೇಲು.

ಖಾನಾಪುರ_ಎಕ್ಸ್‌ಪ್ರೆಸ್
ನಿನ್ನೆ ಮೈದಾನಕ್ಕೆ ಒಬ್ಬ ನುಗ್ಗಿದ್ದ ನೋಡಿದಿರಾ? ಸೀದಾ ಫೆಲಿಕ್ಸ್ ಹತ್ತಿರ ಸೆಲ್ಫಿಗೆ. ಪಕ್ಕದವರೆಲ್ಲ ನಗ್ತಿದ್ದರು, ನಾನೂ ನಕ್ಕೆ.

ಕ್ಯಾಂಪ್_ಕಾಕಾ
ನಗೋದೇನು ಬಂತು? ಆತಿಥೇಯ ಕ್ಲಬ್ ಮೇಲೆ ದಂಡ ಬೀಳುತ್ತೆ ಅದಕ್ಕೆ. ಲೀಗ್ ಇಲ್ಲದೆ ಆದಾಯ ಇಲ್ಲ, ಅದರ ಮೇಲೆ ಇದೊಂದು.

ವಡಗಾವಿ_ಅಕ್ಕ
ಗ್ರೂಪ್ ಅಂದರೆ ಗಂಡಸರದ್ದು ಮಾತ್ರ ಮಾತಾಡ್ತೀರಿ. ನವೆಂಬರ್‌ನಲ್ಲಿ ಚೀನಾದ ವುಹಾನ್‌ನಲ್ಲಿ ಏಷ್ಯಾ ಮಹಿಳಾ ಚಾಂಪಿಯನ್ಸ್ ಲೀಗ್ ಗ್ರೂಪ್ ಇದೆ, ಈಸ್ಟ್ ಬೆಂಗಾಲ್ ಹುಡುಗಿಯರು ಹೋಗ್ತಿದ್ದಾರೆ. ವುಹಾನ್ ತಂಡ, ಇರಾನಿನ ಬಾಮ್ ಖಾತೂನ್, ಉಜ್ಬೆಕಿಸ್ತಾನದ ನಸಾಫ್ ಅವರ ಎದುರಾಳಿಗಳು. ಇಲ್ಲಿ ಎರಡೆರಡು ಸಲ ಆಡೋದಿಲ್ಲ, ಒಬ್ಬೊಬ್ಬರ ಜೊತೆ ಒಂದೇ ಪಂದ್ಯ. ಹೋದ ವರ್ಷ ಒಡಿಶಾ ಹೋಗಿತ್ತು, ಜಪಾನಿನ ಉರಾವಾ ಎದುರು 0-17 ಸೋಲು. ಹದಿನೇಳು! ಆವತ್ತು ನಮ್ಮ ಹುಡುಗಿಯರಿಗೆ ಸ್ಕೋರ್ ಹೇಳಿದಾಗ ಒಬ್ಬಳು "ಮಿಸ್, ಗೋಲ್‌ಕೀಪರ್ ಅತ್ತಳಾ?" ಅಂತ ಕೇಳಿದಳು. ಈ ಸಲ ಈಸ್ಟ್ ಬೆಂಗಾಲ್ ಅರ್ಹತಾ ಸುತ್ತಿನಲ್ಲಿ ಕಾಂಬೋಡಿಯಾ ತಂಡದ ಮೇಲೆ 1-0 ಗೆದ್ದು, ಹಾಂಗ್‌ಕಾಂಗ್‌ನ ಕಿಚೀ ಜೊತೆ 1-1 ಮಾಡಿ ಬಂದಿದೆ. ಅದನ್ನೂ ನೋಡಿ.

ಗೋವಾವೇಸ್_ಗೋಲಿ
ಅಕ್ಕಾ, ವುಹಾನ್ ಪಂದ್ಯಗಳ ವೇಳೆ ಸಿಕ್ಕರೆ ಇಲ್ಲಿ ಹಾಕಿ. ಕ್ಯಾಂಪ್‌ನಲ್ಲಿ ನಮ್ಮ ರೂಮಿನಲ್ಲಿ ದೊಡ್ಡ ಟಿವಿ ಇದೆ, ನಿಮ್ಮ ಟೀಮ್ ಹುಡುಗಿಯರನ್ನು ಕರೆತನ್ನಿ, ಚಹಾ ನನ್ನದು.

ವಡಗಾವಿ_ಅಕ್ಕ
ಚಹಾ ಸಾಲಲ್ಲ, ಅವರು 18 ಜನ. ಕುಂದಾ ತರಿಸು.

ಬಾಗಲಕೋಟಿ_ಬ್ಯಾಕ್
ಇಸ್ತಿಕ್ಲೋಲ್ ಪಂದ್ಯಕ್ಕೆ ಡಿಸೆಂಬರ್‌ನಲ್ಲಿ ಯಾರಾದರೂ ಫತೋರ್ಡಾಕ್ಕೆ ಹೋಗ್ತೀರಾ? ಅಷ್ಟರಲ್ಲಿ ಗೋವಾ ಹೊರಬಿದ್ದಿದ್ದರೂ ಪರವಾಗಿಲ್ಲ, ಸ್ಟೇಡಿಯಂನಲ್ಲಿ ಇನ್ನೂ ಒಂದೂ ಪಂದ್ಯ ನೋಡಿಲ್ಲ ನಾನು. ಬೆಳಗಾವಿವರೆಗೆ ಬಂದುಬಿಡ್ತೇನೆ.

ಚನ್ನಮ್ಮಸರ್ಕಲ್_7
ಆವತ್ತು ಜನ ಇರಲ್ಲ, ಟಿಕೆಟ್ ಆರಾಮಾಗಿ ಸಿಗುತ್ತೆ. ಬಾ, ನಾನೂ ಬರ್ತೇನೆ. ಸೋಲ್ತಾರೆ ಅಂತ ಈಗಲೇ ಹೇಳಿಟ್ಟಿರ್ತೇನೆ.

ಖಾನಾಪುರ_ಎಕ್ಸ್‌ಪ್ರೆಸ್
ಬೈಕ್ ಬೇಡ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಲೋಂಡಾ ಮೇಲೆ ಮಡಗಾಂವ್‌ಗೆ ಹೋಗೋಣ.

ಗೋವಾವೇಸ್_ಗೋಲಿ
ಸರಿ, ಬರುವವರು ಈ ತಿಂಗಳೊಳಗೆ ಇಲ್ಲೇ ಹೆಸರು ಹಾಕಿ, ರೈಲು ಟಿಕೆಟ್ ಒಟ್ಟಿಗೆ ಮಾಡಿಸ್ತೇನೆ. ಬ್ಲ್ಯಾಕ್‌ನವನ ಹತ್ತಿರ ಯಾರೂ ಹೋಗಬೇಡಿ.